ಹಸಿರು ಕಟ್ಟಡಗಳ ಕಚೇರಿ ಸಾಮಗ್ರಿ: ಖರೀದಿಯ ಹೊಸ ನಿಯಮ, ವರ್ತಕರ ಹೊಣೆ

ಹಸಿರು ಕಟ್ಟಡವೆಂದರೆ ವಿದ್ಯುತ್ತು ಹಾಗೂ ನೀರನ್ನು ಉಳಿಸುವ ಕಟ್ಟಡವೆಂಬುದು ಸಾಮಾನ್ಯ ತಿಳಿವಳಿಕೆ. ವಾಸ್ತವವಾಗಿ, ಕಟ್ಟಡದೊಳಗೆ ನಿತ್ಯ ಬಂದು ಹೋಗುವ ಕಾಗದ, ಟೋನರ್, ಫೈಲು, ಬ್ಯಾಟರಿಗಳೂ ಅದರ ಲೆಕ್ಕಕ್ಕೆ ಸೇರುತ್ತವೆ. ಹೈದರಾಬಾದಿನ ಸಿಐಐ–ಸೊಹ್ರಾಬ್ಜಿ ಗೋದ್ರೆಜ್ ಗ್ರೀನ್ ಬಿಸಿನೆಸ್ ಸೆಂಟರ್ 2003ರಲ್ಲಿ ಲೀಡ್ ಪದ್ಧತಿಯ ಪ್ಲಾಟಿನಂ ಶ್ರೇಣಿಯನ್ನು ಪಡೆಯಿತು. ಅಮೆರಿಕದ ಹೊರಗೆ ಆ ಶ್ರೇಣಿ ಪಡೆದ ಮೊದಲ ಕಟ್ಟಡ ಅದು. ಆನಂತರ ಬೆಂಗಳೂರು, ಮೈಸೂರುಗಳಲ್ಲಿಯೂ ಇಂತಹ ಕಟ್ಟಡಗಳು ತಲೆಯೆತ್ತಿವೆ.

ಬಳಕೆಯಲ್ಲಿರುವ ಕಟ್ಟಡಗಳಿಗಾಗಿ ರೂಪಿಸಿದ ಲೀಡ್‌ನ 4ನೇ ಆವೃತ್ತಿಯಲ್ಲಿ ಖರೀದಿಗೂ ಅಂಕವಿದೆ. ನಿತ್ಯಬಳಕೆಯ ಸಾಮಗ್ರಿಗಳಲ್ಲಿ ಮೌಲ್ಯದ ಲೆಕ್ಕದಲ್ಲಿ ಕನಿಷ್ಠ ಶೇ. 60ರಷ್ಟು ನಿಗದಿತ ಗುಣಗಳನ್ನು ಹೊಂದಿರಬೇಕು. ಪುನಶ್ಚಕ್ರೀಕೃತ ಕಾಗದ, ರೀಚಾರ್ಜ್ ಮಾಡಬಹುದಾದ ಬ್ಯಾಟರಿ ಈ ಸಾಲಿಗೆ ಸೇರುತ್ತವೆ. ಲೆಕ್ಕವು ಮೌಲ್ಯದ ಮೇಲೆ ನಿಂತಿರುವುದರಿಂದ ಬಿಲ್ಲಿನಲ್ಲಿ ‘ಸ್ಟೇಷನರಿ’ ಎಂದಷ್ಟೇ ಬರೆದರೆ ಸಾಲದು. ಪ್ರತಿ ವಸ್ತುವನ್ನು ಬೇರೆಯಾಗಿ ನಮೂದಿಸಿ, ತಯಾರಕರ ದೃಢೀಕರಣ ಪತ್ರವನ್ನು ಲಗತ್ತಿಸಬೇಕಾಗುತ್ತದೆ. ದಾಖಲೆ ಇಲ್ಲದ ಸರಕು ಎಷ್ಟೇ ಉತ್ತಮವಾಗಿದ್ದರೂ ಲೆಕ್ಕಕ್ಕೆ ಬಾರದು.

ನೋಟ್‌ಪುಸ್ತಕ, ಫೈಲು ತಯಾರಿಸುವ ಸಣ್ಣ ಉದ್ದಿಮೆದಾರರು ಒಂದು ವ್ಯತ್ಯಾಸವನ್ನು ಅರಿತಿರಬೇಕು. ಗ್ರಾಹಕರು ಬಳಸಿ ಬಿಟ್ಟ ಕಾಗದದಿಂದಾದ ಸರಕಿಗೆ ಹೆಚ್ಚಿನ ಮಾನ್ಯತೆಯಿದೆ. ಮುದ್ರಣಾಲಯದ ಕತ್ತರಿಕೆ ಚೂರುಗಳಿಂದಾದ ಸರಕಿಗೆ ಅಷ್ಟು ಮಾನ್ಯತೆಯಿಲ್ಲ.

ಬಳಸಿದ ವಸ್ತುವಿನ ವಿಲೇವಾರಿಯೂ ಅಷ್ಟೇ ಮುಖ್ಯ. ಒಣಗಿದ, ಶುದ್ಧ ಕಾಗದಕ್ಕೆ ರದ್ದಿ ಮಾರುಕಟ್ಟೆಯಲ್ಲಿ ಬೆಲೆಯುಂಟು. ಊಟದ ಕಸದೊಡನೆ ಬೆರೆತು ನೆನೆದ ಕಾಗದಕ್ಕಿಲ್ಲ. ಲ್ಯಾಮಿನೇಟ್ ಮಾಡಿದ ಹಾಳೆಯನ್ನು ಬೇರೆ ಇರಿಸಬೇಕು. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ–ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿ ಪ್ರಿಂಟರಿನೊಂದಿಗೆ ಕಾರ್ಟ್ರಿಜ್ ಕೂಡ ಇದೆ. ಆದ್ದರಿಂದ ಖಾಲಿ ಕಾರ್ಟ್ರಿಜ್‌ಗಳು ಗುಜರಿಗೆ ಹೋಗದೆ ತಯಾರಕ ಕಂಪನಿಗೆ ಅಥವಾ ನೋಂದಾಯಿತ ಪುನಶ್ಚಕ್ರೀಕರಣ ಘಟಕಕ್ಕೆ ತಲುಪಬೇಕು.

ಪ್ರಮಾಣಪತ್ರವಿಲ್ಲದ ಕಚೇರಿಗೂ ಈ ಕ್ರಮ ಲಾಭದಾಯಕ. 80 ಜಿಎಸ್‌ಎಂನ ಎ4 ಕಾಗದದ 500 ಹಾಳೆಗಳ ಒಂದು ರೀಮು ಸುಮಾರು 2.5 ಕಿಲೋ ತೂಗುತ್ತದೆ. ತಿಂಗಳಿಗೆ 20 ರೀಮು ಬಳಸುವ ಕಚೇರಿ ವರ್ಷಕ್ಕೆ 600 ಕಿಲೋ ಕಾಗದವನ್ನು ಕೊಳ್ಳುತ್ತದೆ. ಎರಡೂ ಬದಿಯಲ್ಲಿ ಮುದ್ರಿಸಿದರೆ ಅದು 300 ಕಿಲೋಗೆ ಇಳಿಯಬಲ್ಲದು. ಹೀಗೆ ಮಾರಾಟದ ಪ್ರಮಾಣ ತಗ್ಗುವಾಗ, ವರ್ತಕನ ಗಳಿಕೆ ಉಳಿಯುವುದು ಸೇವೆಯಿಂದ. ಕಕ್ಕೇರಾದಂತಹ ಊರಿನ ಪುರಸಭೆ, ಬ್ಯಾಂಕು, ಶಾಲೆಗಳಿಗೆ ಸಾಮಗ್ರಿ ಒದಗಿಸುವ ವರ್ತಕರು ವಿವರವಾದ ಬಿಲ್ಲು, ದೃಢೀಕರಣ ಪತ್ರ ಹಾಗೂ ಖಾಲಿ ಕಾರ್ಟ್ರಿಜ್‌ಗಳನ್ನು ಕಂಪನಿಗೆ ಮರಳಿಸುವ ಮಾಹಿತಿ, ಈ ಮೂರನ್ನು ಈಗಲೇ ರೂಢಿಸಿಕೊಂಡರೆ ದೊಡ್ಡ ನಗರಗಳ ಪೂರೈಕೆದಾರರೆದುರು ತಮ್ಮ ಗಿರಾಕಿಯನ್ನು ಉಳಿಸಿಕೊಳ್ಳಬಲ್ಲರು.