ನೋಡಿದೆ, ಆದರೂ ಕಾಣಲಿಲ್ಲ!

ಸಾಸಿವೆ ಎದುರಿಗೇ ಇದ್ದರೂ ಅಡುಗೆಮನೆಯೆಲ್ಲ ತಡಕಾಡಿದ ಅನುಭವ ನಿಮಗೂ ಆಗಿರಬೇಕಲ್ಲವೆ? ನಾವು ಹುಡುಕುತ್ತಿರುವುದು ಸ್ಟೀಲಿನ ಡಬ್ಬ. ಮಗಳು ಅದನ್ನು ಹಾರ್ಲಿಕ್ಸ್ ಬಾಟಲಿಗೆ ತುಂಬಿಸಿಟ್ಟಿರುತ್ತಾಳೆ. ನಾಲ್ಕು ಸಲ ಕಣ್ಣಾಡಿಸಿದರೂ ಸಿಕ್ಕುವುದಿಲ್ಲ. ಅಡುಗೆಮನೆಯಲ್ಲಾದರೆ ಹೆಚ್ಚೆಂದರೆ ಒಗ್ಗರಣೆ ಸೀಯುತ್ತದೆ. ರಸ್ತೆಯಲ್ಲಿ ಹೀಗಾದರೆ?

ಮಾವಿನ ಕಾಲದಲ್ಲಿ ಒಂದು ದಿನ ಶ್ರೀನಿವಾಸಪುರದ ನೆಂಟರ ತೋಟದಿಂದ ಕೋಲಾರಕ್ಕೆ ಹೊರಟಿದ್ದೆವು. ದೊಡ್ಡ ರಸ್ತೆಗೆ ಬಂದು ಬಲಕ್ಕೆ ತಿರುಗಬೇಕು. ಕಾರು ಓಡಿಸುತ್ತಿದ್ದವರು ನಮ್ಮ ಯಜಮಾನರು, ಪಕ್ಕದಲ್ಲಿ ನಾನು. "ಎಡಗಡೆ ನೋಡು" ಅಂದರು. ನೋಡಿದೆ. ಮಾವಿನಕಾಯಿ ಲಾರಿಯೊಂದು ದಾಟಿತು. "ಯಾರೂ ಇಲ್ಲ, ನಡೀರಿ" ಅಂದೆ.

ಲಾರಿಯ ಹಿಂದೆಯೇ ಹಾಲಿನ ಕ್ಯಾನು ಕಟ್ಟಿಕೊಂಡ ಮೋಟಾರ್ ಸೈಕಲ್ ಇತ್ತು. ಪಾಪ, ಆ ಹುಡುಗ ಬ್ರೇಕ್ ಹಾಕಿ ರಸ್ತೆಯಂಚಿಗೆ ಉರುಳಿದ. ಹಾಲೆಲ್ಲ ಮಣ್ಣುಪಾಲು, ಮೊಣಕೈ ತರಚಿ ರಕ್ತ. ಎದ್ದು ನಿಂತವನು ಬೈಯಲಿಲ್ಲ. "ಏನಮ್ಮಾ, ನನ್ನನ್ನ ನೋಡ್ಕೊಂಡೇ ಹೊರಟ್ರಲ್ಲಾ!" ಅಂದ. ನಿಜ, ನನ್ನ ಮುಖ ಅವನ ಕಡೆಗೇ ಇತ್ತು. ಡಾಕ್ಟರ ಹತ್ತಿರ ಕರೆದೊಯ್ದು ಪಟ್ಟಿ ಹಾಕಿಸಿ, ಹಾಲಿನ ದುಡ್ಡು ಕೊಟ್ಟೆವು. ಆದರೆ ಅವನ ಮಾತು ನನ್ನನ್ನು ಬಿಡಲಿಲ್ಲ. ಅವನಿಗೆ ನನ್ನ ಮಗನ ವಯಸ್ಸು. ಮಗನೂ ದಿನಾ ಬೈಕಿನಲ್ಲೇ ನರಸಾಪುರದ ಕಾರ್ಖಾನೆಗೆ ಶಿಫ್ಟಿಗೆ ಹೋಗುತ್ತಾನೆ.

ಕಾರಣ ಹುಡುಕಿಕೊಂಡು ಓದಿದಾಗ ಸ್ವಲ್ಪ ಸಮಾಧಾನವೂ ಆಯಿತು, ಭಯವೂ ಆಯಿತು. ಅಮೆರಿಕದ ಹ್ಯಾರಿ ಹರ್ಟ್ ಎಂಬುವರು ಲಾಸ್ ಏಂಜಲೀಸಿನ ಸುತ್ತ 900 ಬೈಕ್ ಅಪಘಾತಗಳನ್ನು ತನಿಖೆ ಮಾಡಿ 1981ರಲ್ಲಿ ವರದಿ ಕೊಟ್ಟರು. ಬೇರೆ ವಾಹನ ಢಿಕ್ಕಿಯಾದ ಕಡೆ ಮೂರರಲ್ಲಿ ಎರಡು ಪಾಲು, ಬೈಕಿಗೆ ದಾರಿ ಬಿಡದೆ ಅಡ್ಡ ಬಂದದ್ದು ಆ ವಾಹನವೇ. ಬೈಕು ಕಣ್ಣಿಗೆ ಬೀಳದೇ ಹೋದದ್ದೇ ಮುಖ್ಯ ಕಾರಣವಂತೆ.

ನೀವೇ ಪರೀಕ್ಷೆ ಮಾಡಿ ನೋಡಿ. ಕೈ ನೀಡಿ ಹೆಬ್ಬೆರಳಿನ ಉಗುರನ್ನು ದಿಟ್ಟಿಸಿ. ನಮ್ಮ ಕಣ್ಣಿಗೆ ಒಂದು ಸಲಕ್ಕೆ ಚೆನ್ನಾಗಿ ಕಾಣುವುದು ಸುಮಾರು ಅಷ್ಟಗಲ ಮಾತ್ರ, ಉಳಿದದ್ದೆಲ್ಲ ಮಸುಕು. ಕಣ್ಣು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಾರುವ ಕ್ಷಣದಲ್ಲಂತೂ ಏನೂ ಕಾಣುವುದಿಲ್ಲ. ಆ ಕೊರೆಯನ್ನು ಮಿದುಳೇ ತುಂಬಿಕೊಳ್ಳುವುದರಿಂದ ನಮಗೆ ಗೊತ್ತಾಗುವುದಿಲ್ಲ. ಸರಕ್ಕನೆ ಕತ್ತು ತಿರುಗಿಸಿದರೆ ಸಣಕಲು ಬೈಕು ಆ ಕೊರೆಯಲ್ಲೇ ಮುಳುಗಿಹೋಗುತ್ತದೆ. ಇನ್ನು ಒಂದು ಕಣ್ಣು ಮುಚ್ಚಿ, ಇನ್ನೊಂದರ ಮುಂದೆ ಸೌಟಿನ ಹಿಡಿ ಹಿಡಿದು ನೋಡಿ, ಎದುರಿನ ತೆಂಗಿನಮರವೇ ಮಾಯ! ಕಾರಿನ ಮುಂದಿನ ಗಾಜಿನ ಪಕ್ಕದ ಕಂಬ ಮಾಡುವುದೂ ಇದನ್ನೇ. ಬೈಕು ಕಂಡರೂ, ಚಿಕ್ಕದಾದ್ದರಿಂದ ಇನ್ನೂ ದೂರವಿದೆ ಅನ್ನಿಸುತ್ತದೆ. ಲಾರಿಗಾದರೆ ನಾವು ಕಾಯುತ್ತೇವೆ.

ಎಲ್ಲಕ್ಕಿಂತ ದೊಡ್ಡದು ಮನಸ್ಸಿನ ಮೋಸ. ನನ್ನ ಮನಸ್ಸು ಲಾರಿಯನ್ನು, ಬಸ್ಸನ್ನು ಹುಡುಕುತ್ತಿತ್ತು. ಸಾಸಿವೆಯ ಕಥೆಯೇ.

2017ರ ಏಪ್ರಿಲ್‌ನಿಂದ ಹೊಸ ಬೈಕು, ಸ್ಕೂಟರುಗಳಿಗೆ ಹಗಲಲ್ಲೂ ಮುಂದಿನ ದೀಪ ತಾನಾಗೇ ಉರಿಯಬೇಕೆಂಬ ನಿಯಮ ಬಂದದ್ದು ಇದಕ್ಕೇ. ಇದು ತಿಳಿಯದೆ "ಲೈಟ್ ಉರೀತಿದೆ" ಅಂತ ನಾನೂ ಎಷ್ಟೋ ಹುಡುಗರಿಗೆ ಕೈಸನ್ನೆ ಮಾಡಿದ್ದೇನೆ! 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ನೂರಕ್ಕೆ 44 ಜನ ದ್ವಿಚಕ್ರ ವಾಹನದವರು. ಮಾಲೂರಿನ ಇಟ್ಟಿಗೆ ಲಾರಿ, ಮುಳಬಾಗಿಲಿನ ಹೈವೇ ನಡುವೆ ಓಡಾಡುವ ನಮ್ಮ ಮಕ್ಕಳೂ ಆ ಗುಂಪಿನವರೇ ತಾನೆ?

ಈಗ ತಿರುವು ಬಂದರೆ ಕಾರು ನಿಂತ ಮೇಲೆ ನಾನು ಮೈ ಮುಂದಕ್ಕೂ ಹಿಂದಕ್ಕೂ ಬಾಗಿಸಿ ನಿಧಾನವಾಗಿ ಎರಡು ಸಲ ನೋಡುತ್ತೇನೆ. "ಬೈಕು ಇದೆಯಾ?" ಅಂತ ಬಾಯಿಬಿಟ್ಟೇ ಕೇಳಿಕೊಳ್ಳುತ್ತೇನೆ. ಹೆಸರು ಹೇಳಿ ಹುಡುಕಿದರೆ ಬೇಗ ಸಿಕ್ಕುತ್ತದೆ. ಹಿಂದಿನವರು ಹಾರನ್ ಹೊಡೆಯುತ್ತಾರೆ, ಹೊಡೆಯಲಿ. ಮಗನ ಕಪ್ಪು ಜಾಕೆಟ್ಟಿನ ಬೆನ್ನಿಗೆ ಹೊಳೆಯುವ ಪಟ್ಟಿ ಹೊಲಿದುಕೊಟ್ಟೆ. "ಏನಮ್ಮಾ ಇದು, ರಸ್ತೆ ರಿಪೇರಿಯವನ ಥರ!" ಅಂತ ಮುಖ ಸಿಂಡರಿಸಿದ. ಆದರೂ ರಾತ್ರಿ ಶಿಫ್ಟಿಗೆ ಅದನ್ನೇ ಹಾಕಿಕೊಂಡು ಹೋಗುತ್ತಿದ್ದಾನೆ.