ಫ್ಯಾನ್ ತಿರುಗಿದರೆ ಎಸ್‌ಎಂಪಿಎಸ್ ಸರಿ ಇದೆಯೇ?

ಬೇಸಿಗೆಯಲ್ಲಿ ಹೈದರಾಬಾದಿನ ಉಪ್ಪಲ್ 40 ಡಿಗ್ರಿ ದಾಟುತ್ತದೆ. ಅಂಥ ಸೆಕೆಯಲ್ಲಿ, ಗೇಮ್ ರಂಗೇರಿದಾಗಲೋ ವಿಡಿಯೊ ರೆಂಡರ್ ಆಗುವಾಗಲೋ ಕಂಪ್ಯೂಟರ್ ಪಟ್ಟನೆ ಆರಿಹೋದರೆ ಮೊದಲ ಅನುಮಾನ ಅದಕ್ಕೆ ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್ ಮೇಲೆ. ಆಮೇಲೆ ನಡೆಯುವುದು ಎಲ್ಲರಿಗೂ ಗೊತ್ತಿರುವ ‘ಪಿನ್ ಟೆಸ್ಟ್’: 24 ಪಿನ್ನಿನ ಕನೆಕ್ಟರಿನಲ್ಲಿ ಹಸಿರು ತಂತಿಯನ್ನು ಕಪ್ಪು ತಂತಿಗೆ ಸೇರಿಸುವುದು. ಫ್ಯಾನ್ ತಿರುಗಿತೇ? ಹಾಗಾದರೆ ಎಸ್‌ಎಂಪಿಎಸ್ ಸರಿ ಇದೆ ಎಂದು ತೀರ್ಮಾನ.

ಈ ತೀರ್ಮಾನ ತಪ್ಪು. ಫ್ಯಾನಿಗೆ ಬೇಕಾದದ್ದು ಕೆಲವೇ ವ್ಯಾಟ್. ಗ್ರಾಫಿಕ್ಸ್ ಕಾರ್ಡ್ ಕೆಲಸಕ್ಕಿಳಿದರೆ ನೂರಾರು ವ್ಯಾಟ್ ಕೇಳುತ್ತದೆ, ಅದೂ ಕ್ಷಣಾರ್ಧದಲ್ಲಿ ಜಿಗಿಯುತ್ತದೆ. ಈ ಜಿಗಿತ ಎಷ್ಟು ದೊಡ್ಡ ತಲೆನೋವೆಂದರೆ, 2022ರ ಎಟಿಎಕ್ಸ್ 3.0 ಮಾನದಂಡವು 450 ವ್ಯಾಟ್‌ಗಿಂತ ದೊಡ್ಡ ಎಸ್‌ಎಂಪಿಎಸ್‌ಗಳು 100 ಮೈಕ್ರೊಸೆಕೆಂಡ್ ಕಾಲ ತಮ್ಮ ಸಾಮರ್ಥ್ಯದ ಇಮ್ಮಡಿ ಹೊರೆಯನ್ನೂ ತಾಳಬೇಕೆಂದು ಹೇಳಿತು. ಹೊರೆಯಿಲ್ಲದೆ ಓಡಿದ್ದು ಹೊರೆ ಹೊರುತ್ತದೆಯೇ ಎಂಬುದನ್ನು ಪಿನ್ ತೋರಿಸದು.

ಮಲ್ಟಿಮೀಟರ್ ಇನ್ನೂ ಸ್ವಲ್ಪ ಮೇಲು. 12 ವೋಲ್ಟಿನ ತಂತಿ 11.4ರಿಂದ 12.6ರ ಒಳಗಿರಬೇಕು, ಅಂದರೆ ಶೇ 5ರ ಆಚೀಚೆ. ಆದರೆ ಮೀಟರ್ ತೋರಿಸುವುದು ಸರಾಸರಿಯನ್ನು. ಕೆಪಾಸಿಟರ್ ಸೊರಗಿದಾಗ ವೋಲ್ಟೇಜಿನ ಮೇಲೆ ಏಳುವ ವೇಗದ ಏರಿಳಿತಕ್ಕೆ ರಿಪ್ಪಲ್ ಎನ್ನುತ್ತಾರೆ. 12 ವೋಲ್ಟಿನಲ್ಲಿ ಅದು 120 ಮಿಲಿವೋಲ್ಟ್ ಮೀರಬಾರದು. ಅದನ್ನು ಕಾಣಲು ಆಸಿಲೋಸ್ಕೋಪೇ ಬೇಕು. ಪರದೆಯ ಮೇಲೆ ಸಾಫ್ಟ್‌ವೇರ್ ತೋರಿಸುವ ಅಂಕಿಯನ್ನಂತೂ ಪೂರ್ತಿ ನೆಚ್ಚುವಂತಿಲ್ಲ. ಮದರ್‌ಬೋರ್ಡಿನ ಸೆನ್ಸರ್ ತಪ್ಪು ಲೆಕ್ಕ ಕೊಡುವುದುಂಟು.

‘80 ಪ್ಲಸ್ ಗೋಲ್ಡ್ ಇದೆ, ಚಿಂತೆಯಿಲ್ಲ’ ಎನ್ನುವವರೂ ಇದ್ದಾರೆ. 2004ರಲ್ಲಿ ಶುರುವಾದ ಆ ಮುದ್ರೆ ಹೇಳುವುದು ವಿದ್ಯುತ್ ಎಷ್ಟು ಪೋಲಾಗುತ್ತದೆ ಎಂಬುದನ್ನು. ರಿಪ್ಪಲ್‌ಗೂ ಬಾಳಿಕೆಗೂ ಅದರಲ್ಲಿ ಅಂಕವಿಲ್ಲ. ಅದರ ಪರೀಕ್ಷೆ ನಡೆಯುವುದೂ 23 ಡಿಗ್ರಿ ಆಸುಪಾಸಿನ ತಂಪಿನಲ್ಲಿ. ಉಪ್ಪಲ್‌ನ ಮೇ ತಿಂಗಳು ಅಲ್ಲಿ ಲೆಕ್ಕಕ್ಕಿಲ್ಲ! ಬಿಸಿ 10 ಡಿಗ್ರಿ ಏರಿದರೆ ಎಲೆಕ್ಟ್ರೊಲೈಟಿಕ್ ಕೆಪಾಸಿಟರಿನ ಆಯುಸ್ಸು ಹೆಚ್ಚುಕಡಿಮೆ ಅರ್ಧವಾಗುತ್ತದೆ.

ವಿಂಡೋಸ್‌ನ ‘ಕರ್ನಲ್-ಪವರ್ 41’ ದಾಖಲೆ ಎಸ್‌ಎಂಪಿಎಸ್ ಕೆಟ್ಟಿದ್ದಕ್ಕೆ ಸಾಕ್ಷಿಯೇ? ಅಲ್ಲ. ಯಂತ್ರ ಸರಿಯಾಗಿ ಶಟ್‌ಡೌನ್ ಆಗದೆ ಮತ್ತೆ ಶುರುವಾಯಿತು ಎಂದಷ್ಟೇ ಅದರ ಅರ್ಥ. ರ‍್ಯಾಮ್, ಡ್ರೈವರ್, ಕಾದ ಪ್ರೊಸೆಸರ್, ಯಾವುದಾದರೂ ಕಾರಣವಾಗಿರಬಹುದು.

ಲೈಟು ಮಿಣುಕಿದೊಡನೆ ಆರುವ ಯಂತ್ರಕ್ಕೆ ಸ್ಟೆಬಿಲೈಸರ್ ತರುವುದೂ ಬಹುಮಟ್ಟಿಗೆ ದಂಡ. ಇಂದಿನ ಹೆಚ್ಚಿನ ಎಸ್‌ಎಂಪಿಎಸ್‌ಗಳು 100ರಿಂದ 240 ವೋಲ್ಟ್ ತನಕ ನಿಭಾಯಿಸುತ್ತವೆ. ಕರೆಂಟು ಪೂರ್ತಿ ತಪ್ಪಿದರೆ ಮಾತ್ರ ತಾಳುವುದು 16 ಮಿಲಿಸೆಕೆಂಡಿನಷ್ಟು. ಅದಕ್ಕೆ ಬೇಕಾದದ್ದು ಯುಪಿಎಸ್.

ನಂಬಬಹುದಾದ ಪರೀಕ್ಷೆ ಹಳೆಯದೇ. ಮೊದಲು ಮೆಮ್‌ಟೆಸ್ಟ್86 ಓಡಿಸಿ ರ‍್ಯಾಮ್ ನೋಡುವುದು, ಬಿಸಿ ಅಳೆಯುವುದು, ಆಮೇಲೆ ಗೊತ್ತಿರುವ ಒಳ್ಳೆಯ ಎಸ್‌ಎಂಪಿಎಸ್ ಹಾಕಿ ಅದೇ ಗೇಮ್ ಆಡಿಸುವುದು. ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರಿಗೆ ಹೋಗಿ ಹೊಸದನ್ನು ಕೊಳ್ಳುವ ಮುನ್ನ ಗೆಳೆಯರದನ್ನು ಒಂದು ದಿನ ಕೇಳಿ ತಂದರೆ ಸಾಕು. ಬದಲಿಸುವಾಗ ಹಳೆಯದರ ಕೇಬಲ್ ಹೊಸದಕ್ಕೆ ಸಿಕ್ಕಿಸಬೇಡಿ, ಕಂಪನಿ ಒಂದೇ ಆದರೂ ಪಿನ್ನುಗಳ ಜೋಡಣೆ ಬೇರೆಯಿರಬಹುದು. ಎಸ್‌ಎಂಪಿಎಸ್ ಡಬ್ಬಿಯನ್ನಂತೂ ಬಿಚ್ಚಲೇಬೇಡಿ: ಪ್ಲಗ್ ಕಿತ್ತ ಮೇಲೂ ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಹೆಚ್ಚು ಉಳಿದಿರಬಹುದು.