ದುಡ್ಡಿಲ್ಲದೆ ಓದು, ಗುಟ್ಟಾಗಿ ಓದು

ಕೇಪ್‌ಟೌನಿನ ಸಿನೆಂಜೊಂಗೊ ಪ್ರೌಢಶಾಲೆಯಲ್ಲಿ ಗ್ರಂಥಾಲಯ ಇರಲಿಲ್ಲ. ಏನಾದರೂ ಹುಡುಕಿ ಬರೆಯಬೇಕಾದರೆ ಮಕ್ಕಳು ದೂರದ ಸಾರ್ವಜನಿಕ ಗ್ರಂಥಾಲಯದವರೆಗೆ ನಡೆಯಬೇಕಿತ್ತು. ಮೊಬೈಲ್ ಮಾತ್ರ ಹೆಚ್ಚಿನವರ ಕೈಯಲ್ಲಿತ್ತು. 2012ರ ಕೊನೆಗೆ ಅಲ್ಲಿನ ಹನ್ನೊಂದನೇ ತರಗತಿಯವರು ದಕ್ಷಿಣ ಆಫ್ರಿಕಾದ ಮೊಬೈಲ್ ಕಂಪನಿಗಳಿಗೆ ಒಂದು ಬಹಿರಂಗ ಪತ್ರ ಬರೆದರು. ವಿಕಿಪೀಡಿಯ ಓದುವುದಕ್ಕೆ ದುಡ್ಡು ಹಿಡಿಯಬೇಡಿ ಎಂಬುದೊಂದೇ ಅವರ ಕೋರಿಕೆ.

ಇಂಥದ್ದೊಂದು ಏರ್ಪಾಡು ಬೇರೆ ಕಡೆ ಆಗಲೇ ಶುರುವಾಗಿತ್ತು. ವಿಕಿಪೀಡಿಯವನ್ನು ನಡೆಸುವ ವಿಕಿಮೀಡಿಯ ಫೌಂಡೇಶನ್ ಅದೇ ವರ್ಷ 'ವಿಕಿಪೀಡಿಯ ಝೀರೋ' ಆರಂಭಿಸಿ ಆರೆಂಜ್, ಟೆಲಿನಾರ್‌ನಂಥ ಕಂಪನಿಗಳ ಜೊತೆ ಒಪ್ಪಂದ ಮಾಡಿಕೊಂಡಿತ್ತು. ಮಲೇಷ್ಯಾದಲ್ಲಿ ಡಿಜಿ ಗ್ರಾಹಕರು ಕರೆನ್ಸಿ ಕಟ್ ಆಗುವ ಭಯವಿಲ್ಲದೆ ಲೇಖನ ತೆರೆಯಬಹುದಿತ್ತು. 2013ರ ಜುಲೈನಲ್ಲಿ ಏರ್‌ಸೆಲ್ ಮೂಲಕ ಅದು ಭಾರತಕ್ಕೂ ಬಂತು. ಫೌಂಡೇಶನ್ ಕಂಪನಿಗಳಿಗೆ ದುಡ್ಡು ಕೊಡುತ್ತಿರಲಿಲ್ಲ, ಅವರಿಂದ ಪಡೆಯುತ್ತಲೂ ಇರಲಿಲ್ಲ.

ಹೇಳುವುದಕ್ಕೆ ಸರಳ, ನಡೆಸುವುದಕ್ಕೆ ಅಲ್ಲ. ಯಾವುದು ಉಚಿತ, ಯಾವುದಕ್ಕೆ ಶುಲ್ಕ ಎಂದು ತಿಳಿಯಬೇಕಾದರೆ ಗ್ರಾಹಕ ಎಲ್ಲಿಗೆ ಹೋಗುತ್ತಿದ್ದಾನೆ ಎಂದು ಕಂಪನಿ ನೋಡಲೇಬೇಕು. ನಮ್ಮ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಪ್ರಯಾಣ ಉಚಿತವೇ ಆದರೂ ಕಂಡಕ್ಟರ್ 'ಎಲ್ಲಿಗಮ್ಮ?' ಎಂದು ಕೇಳಿಯೇ ಶೂನ್ಯ ಟಿಕೆಟ್ ಹರಿಯುತ್ತಾನಲ್ಲ, ಹಾಗೆ. ಬೀಗವಿಲ್ಲದ ಹಳೆಯ ಎಚ್‌ಟಿಟಿಪಿ ಸಂಪರ್ಕದಲ್ಲಿ ಈ ಕೇಳಾಟ ಸಲೀಸು. ತಾಣದ ಹೆಸರು, ಪುಟದ ಹೆಸರು, ಪುಟದಲ್ಲಿರುವ ಅಕ್ಷರಗಳು, ಎಲ್ಲವೂ ದಾರಿಯುದ್ದಕ್ಕೂ ತೆರೆದೇ ಹರಿಯುತ್ತವೆ. ತಾಣದ ಹೆಸರು ಓದಿದ ಕಂಪನಿಯ ಯಂತ್ರ ಅದನ್ನು ಲೆಕ್ಕದಿಂದ ಬಿಡುತ್ತಿತ್ತು. ಅದೇ ಯಂತ್ರಕ್ಕೆ ಬೇಕಿದ್ದರೆ ಇನ್ನಷ್ಟೂ ಕಾಣುತ್ತಿತ್ತು: ಯಾರು ಏಡ್ಸ್ ಬಗ್ಗೆ ಓದಿದರು, ಯಾರು ಗರ್ಭಪಾತದ ಬಗ್ಗೆ, ಯಾರು ತಮ್ಮ ದೇಶದ ವಿರೋಧ ಪಕ್ಷದ ನಾಯಕನ ಬಗ್ಗೆ.

ಏರ್‌ಸೆಲ್ ಸೇವೆ ಶುರುವಾದ ತಿಂಗಳ ಕೊನೆಯ ದಿನವೇ 'ದಿ ಗಾರ್ಡಿಯನ್' ಪತ್ರಿಕೆ ಎಡ್ವರ್ಡ್ ಸ್ನೋಡನ್ ಹೊರಹಾಕಿದ, ಎಕ್ಸ್‌ಕೀಸ್ಕೋರ್ ಎಂಬ ಕಣ್ಗಾವಲು ವ್ಯವಸ್ಥೆಯ ದಾಖಲೆಗಳನ್ನು ಪ್ರಕಟಿಸಿತು. ಅಮೆರಿಕದ ಗುಪ್ತಚರ ಸಂಸ್ಥೆ ಎನ್‌ಎಸ್‌ಎ ಕಣ್ಣಿಟ್ಟ ತಾಣಗಳ ಲಾಂಛನಗಳ ಪೈಕಿ ವಿಕಿಪೀಡಿಯದ್ದೂ ಅವುಗಳಲ್ಲಿತ್ತು. ಸಂಪರ್ಕವನ್ನು ಗೂಢಲಿಪಿಯಲ್ಲಿ ಮುಚ್ಚುವ ಎಚ್‌ಟಿಟಿಪಿಎಸ್ ಎಂಬ ಬೀಗ 2011ರಿಂದಲೇ ಸಿದ್ಧವಿತ್ತು, ಬೇಕಾದವರು ಹಾಕಿಕೊಳ್ಳಬಹುದಿತ್ತು. ಈಗ ಅವಸರ ಬಂತು. 2013ರ ಆಗಸ್ಟ್ 28ರಿಂದ ಲಾಗಿನ್ ಆದವರಿಗೆ ಅದು ಕಡ್ಡಾಯವಾಯಿತು. ಸುರಕ್ಷಿತ ಸಂಪರ್ಕ ಕಷ್ಟವಾಗಿದ್ದ ಚೀನಾ, ಇರಾನ್‌ಗಳಿಗೆ ಮಾತ್ರ ಆಗ ವಿನಾಯಿತಿ.

ಬಿಕ್ಕಟ್ಟು ಇಲ್ಲಿಯೇ. ಬೀಗ ಹಾಕಿದೊಡನೆ ಕಂಪನಿಯ ಯಂತ್ರಕ್ಕೆ ತಾಣದ ಹೆಸರನ್ನು ಮೊದಲಿನಂತೆ ಓದಲಾಗದು. ಕಾಣದ್ದಕ್ಕೆ ಅದು ಶುಲ್ಕ ಹಾಕುತ್ತದೆ. ಗುಟ್ಟಾಗಿ ಓದಬೇಕೆಂದರೆ ದುಡ್ಡು ಕೊಡು, ಪುಕ್ಕಟೆ ಓದಬೇಕೆಂದರೆ ಇಣುಕುವುದನ್ನು ಸಹಿಸಿಕೋ ಎಂದಾಯಿತು. ಅಂದರೆ ಮರೆ ಬೇಕೇ ಬೇಕಾದ ಬಡ ಓದುಗನೇ ಬಯಲಲ್ಲಿ ನಿಲ್ಲಬೇಕು. ಉಚಿತ ಸೇವೆಗಳನ್ನು ಹೊಗಳುವವರು ಈ ಅಂಶವನ್ನು ಎತ್ತುವುದೇ ಇಲ್ಲ ಎಂಬುದು ನನ್ನ ತಕರಾರು.

ಪರಿಹಾರ ಸಿಕ್ಕಿದ್ದು ಹೆಸರು ಓದುವುದನ್ನು ಬಿಟ್ಟು ಸಂಖ್ಯೆ ನೋಡುವುದರಲ್ಲಿ. ಬೀಗ ಹಾಕಿದರೂ ದತ್ತಾಂಶದ ಪೊಟ್ಟಣ ಯಾವ ಐಪಿ ವಿಳಾಸಕ್ಕೆ ಹೋಗುತ್ತಿದೆ ಎಂಬುದು ಮರೆಯಾಗದು, ಇಲ್ಲದಿದ್ದರೆ ಅದು ತಲುಪುವುದೇ ಇಲ್ಲ. ವಿಕಿಮೀಡಿಯಕ್ಕೆ ತನ್ನದೇ ಸರ್ವರುಗಳೂ ತನ್ನದೇ ಐಪಿ ಸಾಲುಗಳೂ ಇದ್ದುದು ಇಲ್ಲಿ ದೊಡ್ಡ ಅನುಕೂಲವಾಯಿತು. ಈ ಸಾಲಿಗೆ ಹೋಗುವುದೆಲ್ಲ ಉಚಿತ ಎಂದು ಕಂಪನಿ ಬರೆದುಕೊಂಡರೆ ಸಾಕು, ಒಳಗೆ ಓದಿದ್ದು ಮಲೇರಿಯಾವೋ ಮಹಾಭಾರತವೋ ಅದಕ್ಕೆ ತಿಳಿಯಬೇಕಾಗಿಲ್ಲ. ಆದರೆ ಎಲ್ಲ ಕಂಪನಿಗಳೂ ಒಟ್ಟಿಗೆ ಬದಲಾಗಲಿಲ್ಲ. ಯಾವ ಕಂಪನಿಯಲ್ಲಿ ಬೀಗದ ಸಂಪರ್ಕವೂ ಉಚಿತ, ಯಾವುದರಲ್ಲಿ ಇನ್ನೂ ಅಲ್ಲ ಎಂದು ವಿಕಿಮೀಡಿಯದ ಎಂಜಿನಿಯರುಗಳು ಪ್ರತ್ಯೇಕವಾಗಿ ಗುರುತಿಟ್ಟುಕೊಳ್ಳಬೇಕಾಯಿತು. ಉಚಿತ ವಲಯದಿಂದ ಹೊರಗೆ ಕಾಲಿಡುವವರಿಗೆ 'ಮುಂದೆ ಶುಲ್ಕ ಬೀಳಬಹುದು' ಎಂಬ ಎಚ್ಚರಿಕೆಯ ಪುಟ ಬರುತ್ತಿತ್ತು. ಒಪೆರಾ ಮಿನಿ ಬಳಸುವವರದ್ದು ಇನ್ನೊಂದು ತಲೆನೋವು. ಆ ಬ್ರೌಸರು ಪುಟವನ್ನು ಒಪೆರಾದ ಸರ್ವರುಗಳಲ್ಲಿ ಕುಗ್ಗಿಸಿ ಕಳಿಸುತ್ತಿದ್ದರಿಂದ ಕಂಪನಿಗೆ ಕಾಣುತ್ತಿದ್ದುದು ಒಪೆರಾದ ವಿಳಾಸ, ವಿಕಿಪೀಡಿಯದ್ದಲ್ಲ. ಆಗಿನ ಅಗ್ಗದ ಫೋನುಗಳಲ್ಲಿ ಮೆಚ್ಚಿನ ಬ್ರೌಸರು ಅದೇ ಆಗಿತ್ತು.

ಇಡೀ ಸಾಲನ್ನೇ ಬಿಟ್ಟಿ ಮಾಡಿದರೆ ಒಳಗಿರುವುದೆಲ್ಲ ಬಿಟ್ಟಿಯೇ. ಅಂಗೋಲಾದ ಜಾಣರು ಅದನ್ನು ಬೇಗ ಕಂಡುಕೊಂಡರು. ಅಲ್ಲಿನ ಮೊಬೈಲ್ ಕಂಪನಿ ಯೂನಿಟೆಲ್‌ನ ಗ್ರಾಹಕರಿಗೆ ವಿಕಿಪೀಡಿಯ ಉಚಿತವಾಗಿತ್ತು. ಚಿತ್ರಗಳ ಭಂಡಾರವಾದ ವಿಕಿಮೀಡಿಯ ಕಾಮನ್ಸ್‌ನಲ್ಲಿ ಸಿನಿಮಾ, ಹಾಡುಗಳನ್ನು ಅಡಗಿಸಿಟ್ಟು, ಕೊಂಡಿಯನ್ನು ಫೇಸ್‌ಬುಕ್ ಗುಂಪುಗಳಲ್ಲಿ ಹಂಚಿಕೊಳ್ಳುತ್ತಿದ್ದುದು 2016ರಲ್ಲಿ ಸುದ್ದಿಯಾಯಿತು. ಸಂಪಾದಕರು ಅಳಿಸಿ ಅಳಿಸಿ ಸುಸ್ತಾದರು. ಪೈರಸಿ ಸರಿಯಲ್ಲ, ನಿಜ. ಆದರೆ ಇಂಟರ್ನೆಟ್ಟಿನ ಒಂದೇ ಒಂದು ಓಣಿಯನ್ನು ಬಿಟ್ಟಿ ಮಾಡಿ ಉಳಿದ ಊರಿಗೆಲ್ಲ ಸುಂಕ ಇಟ್ಟರೆ ಜನ ಓಣಿಯಲ್ಲೇ ಸಂತೆ ಹಾಕುತ್ತಾರೆ.

ಅಂಗೋಲಾದ ಸುದ್ದಿಗೂ ಮೊದಲೇ, 2015ರ ಜೂನ್ 12ರಂದು, ಫೌಂಡೇಶನ್ ತನ್ನ ಎಲ್ಲ ತಾಣಗಳಲ್ಲೂ ಎಲ್ಲ ಓದುಗರಿಗೂ ಎಚ್‌ಟಿಟಿಪಿಎಸ್ ಕಡ್ಡಾಯ ಮಾಡುವುದಾಗಿ ಘೋಷಿಸಿತು. ಕನ್ನಡ ವಿಕಿಪೀಡಿಯಕ್ಕೂ ಬೀಗ ಬಿತ್ತು. ಇದರ ಪರಿಣಾಮ ಎರಡೇ ತಿಂಗಳಲ್ಲಿ ರಷ್ಯಾದಲ್ಲಿ ಕಂಡಿತು. ಅಲ್ಲಿನ ಸರ್ಕಾರ 'ಚರಸ್' ಕುರಿತ ಒಂದು ಲೇಖನವನ್ನು ತಡೆಯಲು ಆದೇಶಿಸಿತು. ಬೀಗ ಇದ್ದುದರಿಂದ ಒಂದು ಪುಟವನ್ನು ಆರಿಸಿ ತಡೆಯುವುದು ಸಾಧ್ಯವಿರಲಿಲ್ಲ. ತಡೆದರೆ ಇಡೀ ವಿಕಿಪೀಡಿಯವನ್ನೇ ತಡೆಯಬೇಕು. ಆದೇಶ ಹೊರಟು ಒಂದು ದಿನ ಕಳೆಯುವಷ್ಟರಲ್ಲಿ ವಾಪಸಾಯಿತು. ಎಲ್ಲರೂ ಹೀಗೆ ಹಿಂಜರಿಯಲಿಲ್ಲ. ಟರ್ಕಿ 2017ರ ಏಪ್ರಿಲ್‌ನಲ್ಲಿ ವಿಕಿಪೀಡಿಯವನ್ನು ಪೂರ್ತಿ ಮುಚ್ಚಿದ್ದು ಮತ್ತೆ ತೆರೆದದ್ದು 2020ರ ಜನವರಿಯಲ್ಲಿ, ಅದೂ ಸಂವಿಧಾನ ನ್ಯಾಯಾಲಯ ಹೇಳಿದ ಮೇಲೆ.

ಭಾರತದಲ್ಲಿ ಕಥೆ ಬೇರೆ ದಿಕ್ಕು ಹಿಡಿಯಿತು. ಕೆಲವೇ ತಾಣಗಳನ್ನು ಉಚಿತವಾಗಿ ಕೊಡುವ ಫೇಸ್‌ಬುಕ್ಕಿನ 'ಫ್ರೀ ಬೇಸಿಕ್ಸ್' ಯೋಜನೆಯ ವಿವಾದದ ನಂತರ ದೂರಸಂಪರ್ಕ ನಿಯಂತ್ರಕ ಟ್ರಾಯ್ 2016ರ ಫೆಬ್ರುವರಿ 8ರಂದು, ತಾಣ ನೋಡಿ ದರ ಬದಲಿಸುವುದನ್ನೇ ನಿಷೇಧಿಸಿತು. ಇಂಥ ಯೋಜನೆಗಳಲ್ಲೆಲ್ಲ ವಿಕಿಪೀಡಿಯ ಝೀರೋ ನಿರಪರಾಧಿ, ಆದರೂ ಟ್ರಾಯ್ ಮಾಡಿದ್ದು ಸರಿಯೆಂದೇ ನನ್ನ ಅಭಿಪ್ರಾಯ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಡೇಟಾ ದರ ಕುಸಿದಾಗ, ಒಂದು ತಾಣವನ್ನಷ್ಟೇ ಬಿಟ್ಟಿ ಕೊಡುವ ಮಾತಿಗೆ ಇಲ್ಲಿ ಅರ್ಥವೂ ಉಳಿಯಲಿಲ್ಲ. 2018ರ ಫೆಬ್ರುವರಿಯಲ್ಲಿ ಫೌಂಡೇಶನ್ ಯೋಜನೆಯನ್ನು ಮುಗಿಸುವುದಾಗಿ ಪ್ರಕಟಿಸಿತು. ಅಷ್ಟರಲ್ಲಿ ಅದು 72 ದೇಶಗಳ 97 ಕಂಪನಿಗಳಿಗೆ ಹಬ್ಬಿತ್ತು. ಕಂಪನಿಗಳ ಆಸಕ್ತಿ ಇಳಿದಿದೆ, ಡೇಟಾ ದರಗಳು ಬದಲಾಗಿವೆ ಎಂಬ ಕಾರಣ ಕೊಟ್ಟಿತು. ಅದೇ ತಿಂಗಳ ಕೊನೆಯಲ್ಲಿ ಏರ್‌ಸೆಲ್ ದಿವಾಳಿ ಅರ್ಜಿ ಹಾಕಿತು.